ಓದುಗರ ಪ್ರಶ್ನೆ: ಮುಖದ ಮೇಲೆ ಬರೆಯದ ಜಾತಿ, ಕಣ್ಣಿಗೆ ಬೀಳದ ವೈಕಲ್ಯ, ಕಾಗದದ ಮೀಸಲಾತಿ

ಮೀಸಲಾತಿ ಕುರಿತು ಈ ಅಂಕಣಕ್ಕೆ ಬಂದಿರುವ ಪತ್ರಗಳಲ್ಲಿ ಹೆಸರು ಹಾಕಬೇಡಿ ಎಂದು ಕೋರಿದವೇ ಹೆಚ್ಚು. ಬಹುತೇಕ ಪತ್ರಗಳಲ್ಲಿ ಒಂದು ಮಾತು ಬಂದೇ ಬಂದಿದೆ: ‘ನನ್ನನ್ನು ನೋಡಿದರೆ ಯಾರಿಗೂ ಗೊತ್ತಾಗುವುದಿಲ್ಲ.’ ಆ ಪತ್ರಗಳನ್ನೇ ಈ ಸಲ ಆರಿಸಿಕೊಂಡಿದ್ದೇವೆ.

ಪ್ರಶ್ನೆ: ನಾನು ಪರಿಶಿಷ್ಟ ಜಾತಿಯವನು. ಬೆಂಗಳೂರಿನ ಪಿಜಿಯಲ್ಲಿದ್ದು ದ್ವಿತೀಯ ಪಿಯುಸಿ ಓದುತ್ತಿದ್ದೇನೆ. ಗೆಳೆಯರಿಗೆ ನನ್ನ ಜಾತಿ ಗೊತ್ತಿಲ್ಲ, ಗೊತ್ತಾಗುವುದೂ ಬೇಡ. ಸಿಇಟಿಯಲ್ಲಿ ಒಳ್ಳೆಯ ರ‍್ಯಾಂಕ್ ಬರುವ ನಂಬಿಕೆಯಿದೆ. ಅರ್ಜಿಯಲ್ಲಿ ಎಸ್‌ಸಿ ಎಂದು ನಮೂದಿಸದೆ ಜಿಎಂನಲ್ಲೇ (ಜನರಲ್ ಮೆರಿಟ್) ಸೀಟು ತೆಗೆದುಕೊಳ್ಳಬಹುದೇ? ನಮೂದಿಸಿದರೆ ಕೋಟಾ ಸೀಟಿಗೇ ಸೀಮಿತವಾಗುತ್ತೇನಾ? — ಹೆಸರು ಬೇಡ

ನಮೂದಿಸದೆಯೂ ಇರಬಹುದು, ಕಾನೂನಿನ ಅಡ್ಡಿಯಿಲ್ಲ. ಆದರೆ ನಮೂದಿಸಿ ಎಂಬುದೇ ನಮ್ಮ ಸಲಹೆ.

ಎರಡನೆಯ ಪ್ರಶ್ನೆಯಿಂದ ಶುರು ಮಾಡೋಣ, ಏಕೆಂದರೆ ಹೆಚ್ಚಿನ ಹುಡುಗರು ಎಡವುವುದು ಅಲ್ಲೇ. ಜಿಎಂ ಯಾವ ಜಾತಿಯ ಕೋಟಾವೂ ಅಲ್ಲ. ಅದು ಎಲ್ಲರಿಗೂ ತೆರೆದ ಸೀಟು. 1992ರ ಇಂದ್ರಾ ಸಾಹ್ನಿ ತೀರ್ಪಿನಿಂದ 2020ರ ಸೌರವ್ ಯಾದವ್ ತೀರ್ಪಿನವರೆಗೆ ಸುಪ್ರೀಂ ಕೋರ್ಟ್ ಇದನ್ನು ಮತ್ತೆ ಮತ್ತೆ ಹೇಳಿದೆ. ನೀವು ಎಸ್‌ಸಿ ಎಂದು ಹಾಕಿದ್ದರೂ ನಿಮ್ಮ ರ‍್ಯಾಂಕಿಗೆ ಜಿಎಂ ಸೀಟು ಸಿಗುವಂತಿದ್ದರೆ ಅದೇ ಸಿಗುತ್ತದೆ, ಮೀಸಲು ಸೀಟು ಇನ್ನೊಬ್ಬರಿಗೆ ಉಳಿಯುತ್ತದೆ. ಒಂದು ಕಾಲೇಜಿನ ಕಂಪ್ಯೂಟರ್ ಸೈನ್ಸ್‌ಗೆ ಜಿಎಂ ಕಟ್‌ಆಫ್ 8,200, ಎಸ್‌ಸಿಜಿ (ಎಸ್‌ಸಿ ಸಾಮಾನ್ಯ) ಕಟ್‌ಆಫ್ 30,000 ಎಂದು ಅಂದುಕೊಳ್ಳಿ. ರ‍್ಯಾಂಕ್ 8,000 ಬಂದರೆ ಎಸ್‌ಸಿ ಎಂದು ಹಾಕಿದ್ದರೂ ಹಾಕದಿದ್ದರೂ ನಿಮ್ಮದು ಜಿಎಂ ಸೀಟೇ. 8,300 ಬಂದರೆ? ಹಾಕಿದ್ದರೆ ಆ ಕಾಲೇಜು ಸಿಗುತ್ತದೆ, ಹಾಕದಿದ್ದರೆ ಕೈತಪ್ಪುತ್ತದೆ. ಪರೀಕ್ಷೆಗೆ ಕೂರುವ ಮೊದಲೇ ರ‍್ಯಾಂಕ್ ಯಾರಿಗೂ ಗೊತ್ತಿರುವುದಿಲ್ಲವಲ್ಲ.

ಈಗ ಗುಟ್ಟಿನ ವಿಷಯ. ಪರೀಕ್ಷಾ ಪ್ರಾಧಿಕಾರದ ಕಟ್‌ಆಫ್ ಪಟ್ಟಿಯಲ್ಲಿ ಹೆಸರು ಇರುವುದಿಲ್ಲ. ಕೋಡ್ ಮತ್ತು ರ‍್ಯಾಂಕ್ ಮಾತ್ರ: ಜಿಎಂ, ಎಸ್‌ಸಿಜಿ, ಎಸ್‌ಸಿಕೆ, ಎಸ್‌ಸಿಆರ್, 2ಎಜಿ ಹೀಗೆ. ಕೊನೆಯ ‘ಕೆ’ ಕನ್ನಡ ಮಾಧ್ಯಮಕ್ಕೆ, ‘ಆರ್’ ಗ್ರಾಮೀಣಕ್ಕೆ. ಗುಟ್ಟು ಸೋರುವುದು ಪ್ರಾಧಿಕಾರದ ಮಟ್ಟದಲ್ಲಲ್ಲ, ಕಾಲೇಜಿನಲ್ಲಿ. ಆಫೀಸಿನವರು ಪ್ರವೇಶ ಪಟ್ಟಿಯನ್ನು ಕೆಟಗರಿ ಕಾಲಂ ಸಮೇತ ವಾಟ್ಸ್‌ಆ್ಯಪ್ ಗುಂಪಿಗೆ ಹಾಕಿಬಿಡುತ್ತಾರೆ. ಇಲ್ಲವೇ ವಿದ್ಯಾರ್ಥಿವೇತನದ ಪಟ್ಟಿಯನ್ನು ನೋಟಿಸ್ ಬೋರ್ಡಿಗೆ ಅಂಟಿಸುತ್ತಾರೆ. ಪ್ರವೇಶದ ದಿನವೇ ಪ್ರಾಂಶುಪಾಲರಿಗೆ ಒಂದು ಪುಟದ ಪತ್ರ ಕೊಡಿ: ಪ್ರಕಟಿಸುವ ಯಾವ ಪಟ್ಟಿಯಲ್ಲೂ ನೋಂದಣಿ ಸಂಖ್ಯೆ ಮಾತ್ರ ಇರಲಿ, ಹೆಸರಿನ ಪಕ್ಕ ಪ್ರವರ್ಗ ಬೇಡ ಎಂದು. ಸ್ವೀಕೃತಿ ಮುದ್ರೆ ಹಾಕಿಸಿಕೊಂಡ ಪ್ರತಿ ಇಟ್ಟುಕೊಳ್ಳಿ. ವಿದ್ಯಾರ್ಥಿವೇತನದ ಹಣ ಆಧಾರ್ ಜೋಡಿಸಿದ ಬ್ಯಾಂಕ್ ಖಾತೆಗೆ ನೇರ ಬರುವುದರಿಂದ ಅದಕ್ಕಾಗಿ ಯಾರೆದುರೂ ಸಾಲಿನಲ್ಲಿ ನಿಲ್ಲಬೇಕಿಲ್ಲ.

ಇನ್ನೊಂದು ದಾರಿಯಲ್ಲೂ ಜಾತಿ ಹೊರಬೀಳುತ್ತದೆ: ‘ನಿನ್ನ ರ‍್ಯಾಂಕ್ ಎಷ್ಟು?’ ಕೇಳಲು ಮುಗ್ಧ ಪ್ರಶ್ನೆ. ಕಟ್‌ಆಫ್ ಪಟ್ಟಿ ಮೊಬೈಲಿನಲ್ಲೇ ಇರುವಾಗ ರ‍್ಯಾಂಕ್ ಹೇಳಿದರೆ ಸೀಟಿನ ಕೋಡ್ ಹೇಳಿದ ಹಾಗೇ. ಇದನ್ನು ಅರಿತೇ ಬಾಂಬೆ ಐಐಟಿ 2023ರಲ್ಲಿ ಹೊರಡಿಸಿದ ಮಾರ್ಗಸೂಚಿಯಲ್ಲಿ, ಸಹಪಾಠಿಗಳ ಜೆಇಇ ರ‍್ಯಾಂಕ್ ಕೇಳುವುದು ಸರಿಯಲ್ಲ ಎಂದು ವಿದ್ಯಾರ್ಥಿಗಳಿಗೆ ಹೇಳಿತು. ಕೇಳಿದವರಿಗೆಲ್ಲ ಉತ್ತರ ಕೊಡಬೇಕೆಂಬ ಕಾನೂನು ಎಲ್ಲೂ ಇಲ್ಲ.

ಮುಂದೆ ಕೇಂದ್ರ ಸರ್ಕಾರದ ನೇಮಕಾತಿಗೆ ಅರ್ಜಿ ಹಾಕುವಾಗ ಒಂದು ಎಚ್ಚರ ಬೇಕು. ವಯಸ್ಸು, ಅನುಭವ ಅಥವಾ ಪ್ರಯತ್ನಗಳ ಸಂಖ್ಯೆಯಲ್ಲಿ ಸಡಿಲಿಕೆ ಪಡೆದಿದ್ದರೆ, 1998ರ ಜುಲೈ ಆದೇಶದ ಪ್ರಕಾರ ನಿಮ್ಮನ್ನು ಮೀಸಲು ಹುದ್ದೆಗೇ ಲೆಕ್ಕ ಹಿಡಿಯುತ್ತಾರೆ. ಅಂಕ ಎಷ್ಟೇ ಬಂದಿರಲಿ, ಸಾಮಾನ್ಯ ಹುದ್ದೆಗೆ ಹಾರಲು ಆಗುವುದಿಲ್ಲ.

ಪ್ರಶ್ನೆ: ಅಮೆರಿಕದ ಕರಿಯರಿಗೆ ಬಣ್ಣ ಮುಚ್ಚಿಡಲು ಆಗುವುದಿಲ್ಲ, ಆದ್ದರಿಂದ ಅಲ್ಲಿ ವಿಶೇಷ ಅವಕಾಶ ಬೇಕಿತ್ತು. ನಮ್ಮಲ್ಲಿ ಹೆಸರು ಬದಲಿಸಿ ನಗರಕ್ಕೆ ಬಂದರೆ ಜಾತಿ ಯಾರಿಗೂ ಗೊತ್ತಾಗದು. ಮುಚ್ಚಿಡಬಲ್ಲವರಿಗೆ ಮೀಸಲಾತಿ ಏಕೆ? — ಓದುಗರು, ಶಿವಮೊಗ್ಗ

ವಾದ ಕೇಳಲು ಚೆನ್ನಾಗಿದೆ. ಊರಿಗೆ ಬಂದವಳು ನೀರಿಗೆ ಬಾರದಿರುತ್ತಾಳೆಯೇ ಎಂಬ ಗಾದೆಯ ಮುಂದೆ ನಿಲ್ಲುವುದಿಲ್ಲ. ಬೆಂಗಳೂರಿನಲ್ಲಿ ಬಾಡಿಗೆ ಮನೆ ಕೇಳಲು ಹೋದವರಿಗೆ ಈ ಪ್ರಶ್ನೆಗಳು ಗೊತ್ತು: ‘ನೀವು ಯಾವ ಪೈಕಿ?’, ‘ಮನೆದೇವರು ಯಾವುದು?’, ‘ವೆಜ್ಜಾ ನಾನ್‌ವೆಜ್ಜಾ?’, ‘ಊರಲ್ಲಿ ನಿಮ್ಮ ಮನೆ ಯಾವ ಕಡೆ ಬರುತ್ತೆ?’ ಇಷ್ಟು ಕೇಳಿದರೆ ಸಾಕು, ಜಾತಿಯ ಹೆಸರು ಎತ್ತದೆಯೇ ಮನೆ ಮಾಲೀಕರಿಗೆ ಬೇಕಾದದ್ದು ಸಿಕ್ಕಿರುತ್ತದೆ. ಬಣ್ಣ ಕಣ್ಣಿಗೆ ಬೀಳುತ್ತದೆ, ಜಾತಿಯನ್ನು ಕೇಳಿ ತಿಳಿಯುತ್ತಾರೆ. ಇದ್ದ ವ್ಯತ್ಯಾಸ ಅಷ್ಟೇ.

ಕೇಳಲು ಅವಕಾಶವೇ ಇಲ್ಲದ ಕಡೆ ಏನಾಗುತ್ತದೆ ಎಂಬುದನ್ನು ಸಂಶೋಧಕರಾದ ಸುಖದೇವ್ ಥೋರಟ್ ಮತ್ತು ಪಾಲ್ ಅಟ್ಟೆವೆಲ್ ಪರೀಕ್ಷಿಸಿದರು. ಅವರ ವರದಿ ಪ್ರಕಟವಾದದ್ದು 2007ರಲ್ಲಿ. ಪತ್ರಿಕೆಗಳಲ್ಲಿ ಬಂದ ಖಾಸಗಿ ಉದ್ಯೋಗ ಜಾಹೀರಾತುಗಳಿಗೆ ಒಂದೇ ಮಟ್ಟದ ವಿದ್ಯಾರ್ಹತೆ, ಅನುಭವವಿರುವ ಅರ್ಜಿಗಳನ್ನು ಕಳಿಸಿದರು. ಬದಲಿಸಿದ್ದು ಹೆಸರು ಮಾತ್ರ. ಮೇಲ್ಜಾತಿ ಹಿಂದೂ ಹೆಸರಿಗೆ ಮುಂದಿನ ಹಂತದ ಕರೆ ಬರುವ ಸಂಭವವನ್ನು 1 ಎಂದಿಟ್ಟುಕೊಂಡರೆ ದಲಿತ ಹೆಸರಿಗೆ ಅದು 0.67, ಮುಸ್ಲಿಂ ಹೆಸರಿಗೆ 0.33. ಮುಖ ಯಾರೂ ನೋಡಿರಲಿಲ್ಲ.

ನಿಮ್ಮ ವಾದದಲ್ಲಿ ಒಪ್ಪಬೇಕಾದ ಅಂಶವೂ ಇದೆ. ಎರಡು ತಲೆಮಾರು ನಗರದಲ್ಲಿದ್ದು, ಇಂಗ್ಲಿಷ್ ಶಾಲೆಯಲ್ಲಿ ಓದಿ, ಹೆಸರಿನಿಂದ ಗುರುತಾಗದ ಕುಟುಂಬವೂ ಹಳ್ಳಿಯ ಕೇರಿಯ ಕುಟುಂಬವೂ ಒಂದೇ ಸಾಲಿನಲ್ಲಿ ನಿಲ್ಲಬೇಕೇ? ಹಿಂದುಳಿದ ವರ್ಗಗಳ ಮಟ್ಟಿಗೆ, ಅನುಕೂಲಸ್ಥರನ್ನು ಮೀಸಲಾತಿಯಿಂದ ಹೊರಗಿಡುವ ಕೆನೆಪದರದ ನಿಯಮ ಇದಕ್ಕೆ ಒಂದು ಉತ್ತರ ಕೊಟ್ಟಿದೆ. ಪರಿಶಿಷ್ಟ ಜಾತಿಗಳಿಗೆ ಆ ನಿಯಮ ಅನ್ವಯವಾಗಿಲ್ಲ. 2024ರ ಆಗಸ್ಟ್ 1ರಂದು ಒಳಮೀಸಲಾತಿಯನ್ನು ಎತ್ತಿಹಿಡಿದ ಏಳು ನ್ಯಾಯಮೂರ್ತಿಗಳ ಪೀಠದಲ್ಲಿ ನಾಲ್ವರು ಅಲ್ಲಿಗೂ ಕೆನೆಪದರ ಬೇಕೆಂದು ಅಭಿಪ್ರಾಯಪಟ್ಟರು, ಆದರೆ ಅದು ಜಾರಿಯಾದ ನಿಯಮವಲ್ಲ. ನಮ್ಮ ಅಭಿಪ್ರಾಯ ಕೇಳಿದರೆ, ಈ ಪ್ರಶ್ನೆಯನ್ನು ಆದಾಯ, ಊರು, ಶಾಲೆಯ ಲೆಕ್ಕದಲ್ಲಿ ಕೇಳಬಹುದು. ‘ನೋಡಿದರೆ ಹಾಗೆ ಕಾಣುವುದಿಲ್ಲ’ ಎಂಬ ಲೆಕ್ಕದಲ್ಲಿ ಕೇಳಿದರೆ ಮುಚ್ಚಿಟ್ಟುಕೊಂಡವರಿಗೆ ದಂಡ ಹಾಕಿದಂತಾಗುತ್ತದೆ. ಮುಚ್ಚಿಡುವ ಅಗತ್ಯ ಬಿದ್ದಿರುವುದೇ ತಾರತಮ್ಯ ಇರುವುದಕ್ಕೆ ಸಾಕ್ಷಿ.

ಪ್ರಶ್ನೆ: ನಮ್ಮ ತಂದೆ ದಾಖಲೆಗಳಲ್ಲಿ ಜಾತಿ ಬರೆಸದೆ ಬರೀ ‘ಹಿಂದೂ’ ಎಂದು ಹಾಕಿಸಿದ್ದರು. ಮೂಲತಃ ನಾವು ಭೋವಿ ಜನಾಂಗ. ತಾತ ಮಹಾರಾಷ್ಟ್ರದಿಂದ ಕೆಲಸಕ್ಕೆ ಬಂದವರು. ಈಗ ಜಾತಿ ಪ್ರಮಾಣಪತ್ರ ಸಿಗುತ್ತದೆಯೇ? — ಓದುಗರು, ಬೆಳಗಾವಿ ಜಿಲ್ಲೆ

ನಿಮ್ಮ ಪತ್ರದಲ್ಲಿ ಎರಡು ತೊಡಕಿವೆ. ಶಾಲಾ ದಾಖಲೆಯದು ಬಿಡಿಸಬಹುದಾದ ಗಂಟು. ಮಹಾರಾಷ್ಟ್ರದ್ದು ಬಿಗಿ.

ಅರ್ಜಿ ಹಾಕುವುದು ನಾಡಕಚೇರಿಯಲ್ಲಿ ಅಥವಾ ಆನ್‌ಲೈನ್‌ನಲ್ಲಿ. ಪರಿಶಿಷ್ಟ ಜಾತಿ, ಪಂಗಡಕ್ಕೆ ನಮೂನೆ ‘ಡಿ’, ಹಿಂದುಳಿದ ವರ್ಗಗಳ ಪ್ರವರ್ಗ 1ಕ್ಕೆ ನಮೂನೆ ‘ಇ’, 2ಎ, 2ಬಿ, 3ಎ, 3ಬಿಗೆ ನಮೂನೆ ‘ಎಫ್’. ಗ್ರಾಮ ಆಡಳಿತ ಅಧಿಕಾರಿ ಸ್ಥಳ ವಿಚಾರಣೆ ಮಾಡುತ್ತಾರೆ, ಕಂದಾಯ ನಿರೀಕ್ಷಕರು ವರದಿ ಕೊಡುತ್ತಾರೆ, ತಹಶೀಲ್ದಾರ್ ಸಹಿ ಹಾಕುತ್ತಾರೆ. ಪತ್ರದ ಮೇಲೆ ಬರುವ ಆರ್‌ಡಿ ಸಂಖ್ಯೆಯೇ ಮುಂದೆ ಸಿಇಟಿ ಅರ್ಜಿಗೆ ಕೇಳುವುದು. ಅರ್ಜಿ ಕೊಟ್ಟಾಗ ಸಕಾಲದ ಜಿಎಸ್‌ಸಿ ಸಂಖ್ಯೆ ಪಡೆದುಕೊಳ್ಳುವುದನ್ನು ಮರೆಯಬೇಡಿ. ಅದಿಲ್ಲದಿದ್ದರೆ ಕಡತ ಎಲ್ಲಿ ಕೂತಿದೆ ಎಂದು ಕೇಳಲು ನಿಮ್ಮ ಕೈಯಲ್ಲಿ ಏನೂ ಇರುವುದಿಲ್ಲ.

ತಂದೆಯ ದಾಖಲೆಯಲ್ಲಿ ಜಾತಿ ಇಲ್ಲದಿದ್ದರೆ ಅಡ್ಡ ಸಾಕ್ಷ್ಯ ಹುಡುಕಿ: ದೊಡ್ಡಪ್ಪ, ಚಿಕ್ಕಪ್ಪ, ಸೋದರತ್ತೆಯರ ಶಾಲಾ ವರ್ಗಾವಣೆ ಪತ್ರ, ಅವರ ಮಕ್ಕಳಿಗೆ ಸಿಕ್ಕ ಪ್ರಮಾಣಪತ್ರ, ತಾತನ ಹೆಸರಿನ ಹಳೆಯ ಭೂದಾಖಲೆ. ಇವುಗಳ ಜೊತೆ ನಿಮ್ಮ ಸಂಬಂಧ ತೋರಿಸುವ ವಂಶವೃಕ್ಷ ಕಡ್ಡಾಯವಾಗಿ ಇಡಿ. ಅರ್ಜಿಗಳು ಬಿದ್ದುಹೋಗುವುದು ಹೆಚ್ಚಾಗಿ ಇಲ್ಲೇ. ದೊಡ್ಡಪ್ಪನ ಪತ್ರದಲ್ಲಿ ತಂದೆಯ ಹೆಸರು ‘ಹನುಮಂತಪ್ಪ’, ನಿಮ್ಮ ತಂದೆಯ ದಾಖಲೆಯಲ್ಲಿ ‘ಹಣಮಂತ’ ಎಂದಿದ್ದರೆ ಇಬ್ಬರೂ ಒಬ್ಬನ ಮಕ್ಕಳೆಂದು ಕಡತ ಒಪ್ಪುವುದಿಲ್ಲ. ಎರಡೂ ಹೆಸರು ಒಬ್ಬರದೇ ಎಂಬ ಅಫಿಡವಿಟ್ ಅನ್ನು ನೋಟರಿ ಮಾಡಿಸಿ ಮೊದಲೇ ಲಗತ್ತಿಸಿ. ಅರ್ಜಿ ತಿರಸ್ಕೃತವಾದರೆ 30 ದಿನದೊಳಗೆ ಉಪವಿಭಾಗಾಧಿಕಾರಿಗೆ ಮೇಲ್ಮನವಿ ಸಲ್ಲಿಸಬೇಕು. ಬಾಯಿಮಾತಿನಲ್ಲಿ ‘ಆಗಲ್ಲ’ ಎಂದರೆ ಮೇಲ್ಮನವಿಗೆ ಆಧಾರ ಸಿಗುವುದಿಲ್ಲ, ಲಿಖಿತ ಹಿಂಬರಹ ಕೇಳಿ ಪಡೆಯಿರಿ.

ಬಿಗಿಯಾದ ಗಂಟು ಇದು. ಪರಿಶಿಷ್ಟ ಪಟ್ಟಿ ರಾಜ್ಯ ರಾಜ್ಯಕ್ಕೆ ಬೇರೆ. ಭೋವಿ ನಮ್ಮಲ್ಲಿ ಪರಿಶಿಷ್ಟ ಜಾತಿ; ಮಹಾರಾಷ್ಟ್ರದಲ್ಲಿ ಇದೇ ಜನಾಂಗದ ವಡಾರರು ವಿಮುಕ್ತ, ಅಲೆಮಾರಿಗಳ ಪಟ್ಟಿಯಲ್ಲಿದ್ದಾರೆ; ಆಂಧ್ರದಲ್ಲಿ ವಡ್ಡೆರರು ಹಿಂದುಳಿದ ವರ್ಗ. ಲಂಬಾಣಿಗಳದು ಇನ್ನೂ ವಿಚಿತ್ರ: ಇಲ್ಲಿ ಪರಿಶಿಷ್ಟ ಜಾತಿ, ತೆಲಂಗಾಣದಲ್ಲಿ ಪರಿಶಿಷ್ಟ ಪಂಗಡ. ಒಂದು ರಾಜ್ಯದ ಸ್ಥಾನಮಾನವನ್ನು ವಲಸೆ ಹೋದವರು ಇನ್ನೊಂದು ರಾಜ್ಯಕ್ಕೆ ಹೊತ್ತೊಯ್ಯಲಾಗದು ಎಂದು 1990ರ ಮರ್ರಿ ಚಂದ್ರಶೇಖರ ರಾವ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ. ಹೀಗಾಗಿ ತಾತ ಬಂದದ್ದು ಯಾವಾಗ, ಖಾಯಂ ವಾಸ ಎಲ್ಲಿತ್ತು ಎಂಬುದೇ ನಿಮ್ಮ ಕಡತದ ಜೀವಾಳ. ಪರಿಶಿಷ್ಟ ಜಾತಿಗಳ ಆದೇಶ ಹೊರಟದ್ದು 1950ರಲ್ಲಿ. ಅದಕ್ಕೆ ಮೊದಲಿನಿಂದ ಕುಟುಂಬ ಇಲ್ಲಿತ್ತೆಂಬ ಕಾಗದ ಸಿಕ್ಕರೆ ನಿಮ್ಮ ಕೈ ಬಲವಾಗುತ್ತದೆ.

ಕೇಂದ್ರದ ಕೆಲಸಕ್ಕೆ ಒಬಿಸಿ ಎಂದು ಅರ್ಜಿ ಹಾಕುವ ಇತರ ಓದುಗರಿಗೂ ಒಂದು ಮಾತು. ರಾಜ್ಯದ 2ಎ, 3ಬಿ ಪತ್ರ ಅಲ್ಲಿ ನಡೆಯುವುದಿಲ್ಲ. ಕೇಂದ್ರದ ಪಟ್ಟಿ ಬೇರೆ, ನಮೂನೆಯೂ ಬೇರೆ.

ಪ್ರಶ್ನೆ: ನನಗೆ ಒಂದು ಕಿವಿ ಪೂರ್ತಿ ಕೇಳುವುದಿಲ್ಲ. ಹೊರಗೆ ಯಾರಿಗೂ ಗೊತ್ತಾಗದು. ಅಂಗವಿಕಲರ ಮೀಸಲಾತಿ ಸಿಗುತ್ತದೆಯೇ? — ಓದುಗರು, ಮೈಸೂರು

ಒಂದೇ ಕಿವಿಯಾದರೆ ಸಿಗುವುದಿಲ್ಲ. ಕಾರಣ ಲೆಕ್ಕದಲ್ಲಿದೆ.

2016ರ ವಿಕಲಚೇತನರ ಹಕ್ಕುಗಳ ಕಾಯ್ದೆ 7 ಇದ್ದ ವೈಕಲ್ಯಗಳನ್ನು 21ಕ್ಕೆ ಏರಿಸಿತು. ಮೀಸಲಾತಿಗೆ ಕನಿಷ್ಠ ಶೇ 40 ವೈಕಲ್ಯ ಇರಬೇಕು. ಶ್ರವಣದೋಷದ ವ್ಯಾಖ್ಯೆಯೇ ಎರಡೂ ಕಿವಿಗಳನ್ನು ಕೇಳುತ್ತದೆ: ಎರಡರಲ್ಲೂ 60ರಿಂದ 70 ಡೆಸಿಬಲ್ ನಷ್ಟವಿದ್ದರೆ ಮಂದಶ್ರವಣ, 70 ದಾಟಿದರೆ ಕಿವುಡು. ಶೇಕಡಾವಾರು ಕಟ್ಟುವ ಸೂತ್ರ ಹೀಗಿದೆ: ಚೆನ್ನಾಗಿ ಕೇಳುವ ಕಿವಿಯ ನಷ್ಟವನ್ನು 5ರಿಂದ ಗುಣಿಸಿ, ಕೆಟ್ಟ ಕಿವಿಯ ನಷ್ಟ ಕೂಡಿಸಿ, ಒಟ್ಟನ್ನು 6ರಿಂದ ಭಾಗಿಸಿ. ನಿಮ್ಮದು ಒಂದು ಕಿವಿ ಶೇ 100, ಇನ್ನೊಂದು ಸೊನ್ನೆ. ಸೊನ್ನೆಯ ಐದು ಪಟ್ಟೂ ಸೊನ್ನೆ. 100ನ್ನು 6ರಿಂದ ಭಾಗಿಸಿದರೆ 16.7. ಶೇ 40ರ ಹತ್ತಿರಕ್ಕೂ ಬರುವುದಿಲ್ಲ. ಒಳ್ಳೆಯ ಕಿವಿಯಲ್ಲೂ ಶೇ 30 ನಷ್ಟವಿದ್ದು ಕೆಟ್ಟದ್ದರಲ್ಲಿ 90 ಇದ್ದರೆ 150ಕ್ಕೆ 90 ಸೇರಿ 240, ಭಾಗಿಸಿದರೆ ಸರಿಯಾಗಿ 40. ಹಾಗಾಗಿ ‘ಚೆನ್ನಾಗಿದೆ’ ಎಂದುಕೊಂಡ ಕಿವಿಯನ್ನೂ ಒಮ್ಮೆ ಪರೀಕ್ಷೆ ಮಾಡಿಸಿ. ನಿಮ್ಮೂರಿನ ಮಾನಸಗಂಗೋತ್ರಿಯಲ್ಲೇ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆ ಇದೆ, ಬೇರೆ ಊರಿನವರು ರೈಲು ಹತ್ತಿ ಬರುವ ಜಾಗ.

ಪರೀಕ್ಷೆಯಲ್ಲಿ ಕೇಳಿದ್ದನ್ನೂ ಕೇಳಲಿಲ್ಲ ಎಂದು ಗುಂಡಿ ಒತ್ತದೆ ಕೂರುವವರಿದ್ದಾರೆ. ಆಡಿಯೋಮೆಟ್ರಿಯಲ್ಲಿ ಅದು ಒಂದು ಸಲ ನಡೆದೀತು. ಮತ್ತೊಮ್ಮೆ ಮಾಡಿದಾಗ ಅಂಕಿ ತಾಳೆಯಾಗುವುದಿಲ್ಲ. ಅನುಮಾನ ಬಂದರೆ ಬೆರಾ ಪರೀಕ್ಷೆಗೆ ಬರೆಯುತ್ತಾರೆ. ಅದರಲ್ಲಿ ನೆತ್ತಿ, ಕಿವಿಯ ಹಿಂದೆ ಎಲೆಕ್ಟ್ರೋಡ್ ಅಂಟಿಸಿ ಶಬ್ದಕ್ಕೆ ನರ ಮತ್ತು ಮಿದುಳಿನ ಕಾಂಡ ಕೊಡುವ ಪ್ರತಿಕ್ರಿಯೆಯನ್ನೇ ದಾಖಲಿಸುತ್ತಾರೆ. ಮಲಗಿ ನಿದ್ದೆ ಮಾಡುತ್ತಿದ್ದರೂ ಸತ್ಯ ಹೊರಬರುತ್ತದೆ. ಮೋಸದಿಂದ ಸೌಲಭ್ಯ ಪಡೆದರೆ ಕಾಯ್ದೆಯ 91ನೇ ಸೆಕ್ಷನ್ನಿನಡಿ 2 ವರ್ಷದವರೆಗೆ ಜೈಲು ಅಥವಾ 1 ಲಕ್ಷ ರೂಪಾಯಿವರೆಗೆ ದಂಡ, ಇಲ್ಲವೇ ಎರಡೂ.

ಕಣ್ಣಿಗೆ ಕಾಣದ ವೈಕಲ್ಯಗಳಲ್ಲೇ ಕಾನೂನು ಮಾಡಿರುವ ಒಂದು ಭೇದ ಹೆಚ್ಚಿನವರಿಗೆ ಗೊತ್ತಿಲ್ಲ. ಹಿಮೋಫೀಲಿಯಾ, ಥಲಸ್ಸೀಮಿಯಾ, ಸಿಕಲ್ ಸೆಲ್, ಮಲ್ಟಿಪಲ್ ಸ್ಕ್ಲೆರೋಸಿಸ್, ಪಾರ್ಕಿನ್ಸನ್ಸ್ ಇವೆಲ್ಲ ಆ 21ರಲ್ಲಿವೆ. ಉನ್ನತ ಶಿಕ್ಷಣದ ಶೇ 5 ಮೀಸಲಾತಿ ಇವರಿಗೂ ಉಂಟು. ಆದರೆ ಸರ್ಕಾರಿ ಉದ್ಯೋಗದ ಶೇ 4ರಲ್ಲಿ, ಅಂದರೆ 34ನೇ ಸೆಕ್ಷನ್ನಿನಲ್ಲಿ, ಇವುಗಳ ಹೆಸರಿಲ್ಲ. ಅಲ್ಲಿರುವುದು ದೃಷ್ಟಿ, ಶ್ರವಣ, ಚಲನವೈಕಲ್ಯ, ಜೊತೆಗೆ ಆಟಿಸಂ, ಬೌದ್ಧಿಕ ವೈಕಲ್ಯ, ಕಲಿಕಾ ನ್ಯೂನತೆ, ಮಾನಸಿಕ ಕಾಯಿಲೆ ಮತ್ತು ಇವುಗಳಲ್ಲಿ ಒಂದಕ್ಕಿಂತ ಹೆಚ್ಚು ಸೇರಿದ ವೈಕಲ್ಯ. ಥಲಸ್ಸೀಮಿಯಾ ಇರುವ ಹುಡುಗಿ ಮೀಸಲು ಸೀಟಿನಲ್ಲಿ ಪದವಿ ಮುಗಿಸಿ, ಅದೇ ಕಾರ್ಡ್ ಹಿಡಿದು ಉದ್ಯೋಗಕ್ಕೆ ಹೋದಾಗ ಬಾಗಿಲು ಮುಚ್ಚಿರುತ್ತದೆ. ಇದು ಕಾಯ್ದೆಯ ದೋಷ ಎಂದೇ ನಮ್ಮ ಎಣಿಕೆ.

ಪ್ರಶ್ನೆ: ಮಗನಿಗೆ ಬರೆಯುವ ತೊಂದರೆ ಇದೆ, ವೈಕಲ್ಯ ಶೇ 40 ಇಲ್ಲ ಎಂದರು. ಹಾಗಾದರೆ ಪರೀಕ್ಷೆಗೆ ಲಿಪಿಕಾರರೂ ಸಿಗುವುದಿಲ್ಲವೇ? — ತಾಯಿ, ಹುಬ್ಬಳ್ಳಿ

ಸಿಗಬೇಕು ಅಮ್ಮ. 2021ರ ಫೆಬ್ರುವರಿಯಲ್ಲಿ ವಿಕಾಸ್ ಕುಮಾರ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಇದನ್ನೇ ಬಿಡಿಸಿ ಹೇಳಿತು: ಶೇ 40 ಬೇಕಿರುವುದು ಮೀಸಲಾತಿಗೆ, ಲಿಪಿಕಾರರ ನೆರವಿಗಲ್ಲ. ಆ ಅಭ್ಯರ್ಥಿಗೂ ಬರೆಯುವಾಗ ಕೈ ಸೆಟೆದುಕೊಳ್ಳುವ ತೊಂದರೆಯೇ ಇತ್ತು. ಬರೆಯಲು ಮಿತಿಯಿದೆ, ಲಿಪಿಕಾರರ ನೆರವು ಬೇಕು ಎಂದು ವೈದ್ಯಕೀಯ ಪ್ರಾಧಿಕಾರದಿಂದ ಪ್ರಮಾಣಪತ್ರ ಪಡೆದು, ಪರೀಕ್ಷಾ ಅರ್ಜಿಯ ಜೊತೆಗೇ ಕೊಡಿ. ಪ್ರವೇಶಪತ್ರ ಬಂದ ಮೇಲೆ ಓಡಾಡಿದರೆ ಕೇಳುವವರಿರುವುದಿಲ್ಲ.

ಪ್ರಶ್ನೆ: ತಾತನ ಕಾಲದಲ್ಲೇ ನಮ್ಮ ಮನೆಯವರು ಚರ್ಚಿಗೆ ಸೇರಿದರು. ಹೆಸರುಗಳು ಹಿಂದೂ ಹೆಸರುಗಳೇ. ತಂದೆಯ ಟಿಸಿಯಲ್ಲಿ ‘ಆದಿ ಕರ್ನಾಟಕ’ ಎಂದಿದೆ. ಯಾರೂ ಪ್ರಶ್ನಿಸಿಲ್ಲ. ನಾನು ಎಸ್‌ಸಿ ಪತ್ರ ಪಡೆಯಬಹುದೇ? — ಹೆಸರು, ಊರು ಬೇಡ

ನೇರವಾಗಿ ಹೇಳಬೇಕೆಂದರೆ, ಬೇಡ. 1950ರ ಪರಿಶಿಷ್ಟ ಜಾತಿಗಳ ಆದೇಶದ 3ನೇ ಪ್ಯಾರಾ ಮೊದಲು ಹಿಂದೂಗಳಿಗೆ ಮಾತ್ರ ಎಂದಿತ್ತು. 1956ರಲ್ಲಿ ಸಿಖ್ಖರು, 1990ರಲ್ಲಿ ಬೌದ್ಧರು ಸೇರಿದರು. ಕ್ರೈಸ್ತರು, ಮುಸ್ಲಿಮರು ಸೇರಿಲ್ಲ. ಹೆಸರು ಯಾವುದು ಎನ್ನುವುದಲ್ಲ, ಯಾವ ಧರ್ಮವನ್ನು ಪಾಲಿಸುತ್ತೀರಿ ಎನ್ನುವುದು ಪ್ರಶ್ನೆ. 2024ರ ನವೆಂಬರ್ 26ರ ಸುಪ್ರೀಂ ಕೋರ್ಟ್‌ನ ಸೆಲ್ವರಾಣಿ ತೀರ್ಪು ಹೆಚ್ಚುಕಡಿಮೆ ಇಂಥದ್ದೇ ಸಂದರ್ಭದ್ದು: ದೀಕ್ಷಾಸ್ನಾನವಾಗಿ ಚರ್ಚಿಗೆ ನಡೆದುಕೊಳ್ಳುತ್ತಾ, ಉದ್ಯೋಗಕ್ಕಾಗಿ ಹಿಂದೂ ಎಂದು ಹೇಳಿಕೊಳ್ಳುವುದು ಸಂವಿಧಾನಕ್ಕೆ ಬಗೆದ ವಂಚನೆ ಎಂದು ನ್ಯಾಯಾಲಯ ಹೇಳಿತು. ಚರ್ಚಿನ ದೀಕ್ಷಾಸ್ನಾನದ ದಾಖಲೆ, ಮದುವೆ ಪುಸ್ತಕ ಎರಡೂ ವಿಚಾರಣೆಯಲ್ಲಿ ಸಾಕ್ಷ್ಯವಾಗುತ್ತವೆ.

ನಿಮಗೆ ಬೇರೆ ದಾರಿಯಿದೆ. ಪರಿಶಿಷ್ಟ ಜಾತಿಯಿಂದ ಕ್ರೈಸ್ತ ಧರ್ಮಕ್ಕೆ ಮತಾಂತರಗೊಂಡವರು ಕರ್ನಾಟಕದಲ್ಲಿ ಪ್ರವರ್ಗ 1ರಲ್ಲಿ ಬರುತ್ತಾರೆ. ಶೇ 4 ಮೀಸಲಾತಿ, ಕೆನೆಪದರವಿಲ್ಲ. ಪರಿಶಿಷ್ಟ ಜಾತಿಯ ಶೇ 17ರ ಮುಂದೆ ಇದು ಸಣ್ಣದು ನಿಜ, ಆದರೆ ಇಪ್ಪತ್ತು ವರ್ಷ ದುಡಿದ ಮೇಲೆ ಕಿತ್ತುಕೊಳ್ಳುವಂಥದ್ದಲ್ಲ. ಹಿಂದೂ ಧರ್ಮಕ್ಕೆ ಮರಳಿದವರ ವಿಷಯದಲ್ಲಿ 2015ರ ಕೆ.ಪಿ. ಮನು ತೀರ್ಪು ಮೂರು ಪುರಾವೆ ಕೇಳುತ್ತದೆ: ಮೂಲ ಜಾತಿ, ನಿಜವಾದ ಮರುಮತಾಂತರ, ಆ ಜಾತಿಯವರು ಒಪ್ಪಿಕೊಂಡದ್ದು. ಪರಿಶಿಷ್ಟ ಪಂಗಡಗಳಿಗೆ ಧರ್ಮದ ಈ ಷರತ್ತು ಇಲ್ಲ. ಇದು ನ್ಯಾಯವೇ ಎಂದು ನೀವು ಕೇಳಬಹುದು. ಮತಾಂತರವಾದ ದಲಿತರ ಸ್ಥಾನಮಾನ ಪರಿಶೀಲಿಸಲು ಕೇಂದ್ರ 2022ರಲ್ಲಿ ನ್ಯಾಯಮೂರ್ತಿ ಕೆ.ಜಿ. ಬಾಲಕೃಷ್ಣನ್ ಆಯೋಗ ನೇಮಿಸಿತು. ಚರ್ಚಿನೊಳಗೂ ಬೇರೆ ಬೆಂಚು, ಬೇರೆ ಸಮಾಧಿ ಜಾಗ ಇದ್ದ ಊರುಗಳಿರುವಾಗ ಪ್ರಶ್ನೆ ಹುರುಳಿಲ್ಲದ್ದಲ್ಲ.

ಪ್ರಶ್ನೆ: ನಾವು ನದಾಫರು. ಶಾಲೆಯಲ್ಲಿ ‘ಮುಸ್ಲಿಂ’ ಎಂದಷ್ಟೇ ಬರೆದಿದ್ದರಿಂದ ಮಗಳಿಗೆ 2ಬಿ ಪತ್ರ ಕೊಟ್ಟಿದ್ದಾರೆ. ಸರಿಯೇ? — ಓದುಗರು, ಗದಗ

ಸರಿಯಲ್ಲ. ನದಾಫ್, ಪಿಂಜಾರ ಪ್ರವರ್ಗ 1ರಲ್ಲಿವೆ. ನಮೂನೆ ‘ಇ’ಯಲ್ಲಿ ಹೊಸ ಅರ್ಜಿ ಹಾಕಿ. 2ಬಿಗೆ 8 ಲಕ್ಷ ರೂಪಾಯಿ ಆದಾಯ ಮಿತಿಯಿದೆ, ಪ್ರವರ್ಗ 1ಕ್ಕೆ ಇಲ್ಲ. ಧರ್ಮ ಎದ್ದು ಕಂಡು, ಅದರೊಳಗಿನ ಹಾಸಿಗೆ ಹೊಲಿಯುವ, ಹತ್ತಿ ಹಿಂಜುವ ಕಸುಬಿನ ಜನ ಅದರ ನೆರಳಲ್ಲಿ ಮರೆಯಾಗುವುದು ಹೀಗೆ. ಕುಟುಂಬದ ಹಿರಿಯರೊಬ್ಬರ ದಾಖಲೆಯಲ್ಲಾದರೂ ‘ನದಾಫ್’ ಅಥವಾ ‘ಪಿಂಜಾರ’ ಎಂದಿರುವುದನ್ನು ಹುಡುಕಿ ಲಗತ್ತಿಸಿ. ಸಿಇಟಿ ಅರ್ಜಿ ಹಾಕುವ ಮೊದಲೇ ಮುಗಿಸಿಕೊಳ್ಳಿ, ಆಮೇಲೆ ಪ್ರವರ್ಗ ಬದಲಿಸುವುದು ಸುಲಭವಲ್ಲ.

ಪ್ರಶ್ನೆ: ನಮ್ಮ ತಾಲ್ಲೂಕಿನಲ್ಲಿ ಅನುಕೂಲಸ್ಥರೊಬ್ಬರು ‘ಬೇಡ ಜಂಗಮ’ ಎಂದು ಪತ್ರ ಮಾಡಿಸಿಕೊಂಡಿದ್ದಾರೆ. ದೂರು ಎಲ್ಲಿ? ದೂರು ಕೊಟ್ಟರೆ ಏನಾಗುತ್ತದೆ? — ಓದುಗರು, ಕಲ್ಯಾಣ ಕರ್ನಾಟಕ

ಇಲ್ಲದ ಜಾತಿಯನ್ನು ಇದೆ ಎನ್ನುವ ದಂಧೆ ನಡೆಯುವುದು ಹೆಚ್ಚಾಗಿ ಹೆಸರಿನ ಹೋಲಿಕೆಯ ಮೇಲೆ. ಬೇಡ ಜಂಗಮ ಪರಿಶಿಷ್ಟ ಜಾತಿ ಪಟ್ಟಿಯಲ್ಲಿದೆ. ವೀರಶೈವ ಜಂಗಮರು ಬೇರೆ. ತಳವಾರ, ಪರಿವಾರ ಹೆಸರುಗಳೂ ಅಷ್ಟೇ: 2020ರಲ್ಲಿ ಅವು ನಾಯಕ ಪಂಗಡದ ಪರ್ಯಾಯ ಹೆಸರುಗಳಾಗಿ ಪರಿಶಿಷ್ಟ ಪಂಗಡಕ್ಕೆ ಸೇರಿದವು. ಆದರೆ ಊರ ತಳವಾರಿಕೆ ಮಾಡುತ್ತಿದ್ದ ಬೇರೆ ಜಾತಿಯವರಿಗೂ ‘ತಳವಾರ’ ಅಡ್ಡಹೆಸರು ಇರುವುದರಿಂದ ಗೊಂದಲ ಎದ್ದಿತು.

ದೂರನ್ನು ಜಿಲ್ಲಾ ಜಾತಿ ಪರಿಶೀಲನಾ ಸಮಿತಿಗೆ ಅಥವಾ ನಾಗರಿಕ ಹಕ್ಕು ಜಾರಿ ನಿರ್ದೇಶನಾಲಯಕ್ಕೆ ಕೊಡಿ. ಬರೀ ‘ಅವರು ಶ್ರೀಮಂತರು’ ಎಂದರೆ ನಿಲ್ಲುವುದಿಲ್ಲ. ಪತ್ರದ ಆರ್‌ಡಿ ಸಂಖ್ಯೆ ಗೊತ್ತಿದ್ದರೆ ಬರೆಯಿರಿ. ಅಣ್ಣತಮ್ಮಂದಿರ, ತಂದೆಯ ಕಡೆಯವರ ಶಾಲಾ ದಾಖಲೆಯಲ್ಲಿ ಏನಿದೆ ಎಂಬುದನ್ನು ತೋರಿಸಿ. ತನ್ನ ಜಾತಿಯನ್ನು ಸಾಬೀತುಪಡಿಸುವ ಹೊಣೆ ಪತ್ರ ಪಡೆದವರದೇ, ದೂರುದಾರರದಲ್ಲ. ಸ್ವಾತಂತ್ರ್ಯಪೂರ್ವದ ದಾಖಲೆಗೆ ಹೆಚ್ಚಿನ ತೂಕ. ಮನೆದೇವರು, ಮದುವೆಯ ಶಾಸ್ತ್ರ, ಬಳಗದ ಸಂಬಂಧ ವಿಚಾರಿಸುವ ಪದ್ಧತಿಯೂ ಇದೆ, ಆದರೆ ಅದೊಂದೇ ಅಂತಿಮ ಒರೆಗಲ್ಲಲ್ಲ ಎಂದು 2023ರ ಮಾರ್ಚ್‌ನಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ. ನಗರದಲ್ಲಿ ಹುಟ್ಟಿ ಬೆಳೆದ ನಿಜವಾದ ಪರಿಶಿಷ್ಟರಿಗೆ ಆ ಶಾಸ್ತ್ರಗಳು ಗೊತ್ತಿಲ್ಲದಿರಬಹುದು, ಸುಳ್ಳುಗಾರ ಅವನ್ನು ಬಾಯಿಪಾಠ ಮಾಡಿ ಬರಬಹುದು. ಪತ್ರ ಸುಳ್ಳೆಂದು ತೀರ್ಮಾನವಾದರೆ 2017ರ ಬಹಿರಾ ತೀರ್ಪಿನಂತೆ ಕೆಲಸ, ಸೀಟು ಎರಡೂ ಹೋಗುತ್ತವೆ. ಬಹಳ ವರ್ಷ ಸೇವೆ ಮಾಡಿದ್ದೇನೆ ಎಂಬ ಕರುಣೆಯ ವಾದ ನಡೆಯುವುದಿಲ್ಲ.

ಪ್ರಶ್ನೆ: ಕೆನಡಾದ ಬ್ಯಾಂಕೊಂದರಲ್ಲಿ ಕೆಲಸಕ್ಕೆ ಸೇರಿದ್ದೇನೆ. ‘ಕಾಣುವ ಅಲ್ಪಸಂಖ್ಯಾತ’ ಎಂಬ ಗುಂಪಿಗೆ ಸೇರಿದವರೇ ಎಂದು ಫಾರ್ಮಿನಲ್ಲಿ ಕೇಳಿದ್ದಾರೆ. ತುಂಬಬೇಕೇ? — ಕನ್ನಡಿಗರು, ಟೊರೊಂಟೊ

ಕಡ್ಡಾಯವಲ್ಲ. ತುಂಬಿದರೆ ನಷ್ಟವಿಲ್ಲ. ಅಲ್ಲಿನ ಉದ್ಯೋಗ ಸಮಾನತೆ ಕಾಯ್ದೆ 1986ರಲ್ಲಿ ಬಂದು 1995ರಲ್ಲಿ ಪರಿಷ್ಕೃತವಾಯಿತು. ಬ್ಯಾಂಕಿನಂಥ ಫೆಡರಲ್ ನಿಯಂತ್ರಣದ, 100 ಅಥವಾ ಹೆಚ್ಚು ನೌಕರರಿರುವ ಸಂಸ್ಥೆಗಳಿಗೆ ಅದು ಅನ್ವಯ. ನಾಲ್ಕು ಗುಂಪು: ಮಹಿಳೆಯರು, ಮೂಲನಿವಾಸಿಗಳು, ಅಂಗವಿಕಲರು, ಕಾಣುವ ಅಲ್ಪಸಂಖ್ಯಾತರು. ಕೊನೆಯದರ ವ್ಯಾಖ್ಯೆ ಮೈಬಣ್ಣ ಮತ್ತು ಜನಾಂಗದ ಮೇಲೆ ನಿಂತಿದೆ. ನೀವು ‘ದಕ್ಷಿಣ ಏಷ್ಯಾದವರು’ ಎಂದು ಸೇರುತ್ತೀರಿ. ನಿಮ್ಮ ಬಣ್ಣ ಎಲ್ಲರಿಗೂ ಕಂಡರೂ ನೀವಾಗಿ ಗುರುತಿಸಿಕೊಂಡರೆ ಅಥವಾ ಒಪ್ಪಿದರೆ ಮಾತ್ರ ಲೆಕ್ಕಕ್ಕೆ ಸೇರಿಸಬೇಕು, ಮಾಹಿತಿ ಗೋಪ್ಯವಾಗಿಡಬೇಕು ಎಂಬುದು ಕಾಯ್ದೆಯ 9ನೇ ಸೆಕ್ಷನ್. ನಮ್ಮಲ್ಲಿ ರೋಸ್ಟರ್ ಎಂಬ ಸರದಿ ಪಟ್ಟಿಯಂತೆ ಹುದ್ದೆ ಮೀಸಲಿಡುವ ಹಾಗೆ ಅಲ್ಲಿ ಮೀಸಲಿಡುವುದಿಲ್ಲ. ಕೋಟಾ ಹೇರುವುದನ್ನು ಕಾಯ್ದೆಯೇ ನಿಷೇಧಿಸಿದೆ. ಸಂಸ್ಥೆಗಳು ಗುರಿ ಇಟ್ಟುಕೊಂಡು ವರದಿ ಕೊಡುತ್ತವೆ, ಅಷ್ಟೇ.

2023ರ ಡಿಸೆಂಬರಿನಲ್ಲಿ ಅಲ್ಲಿನ ಪರಿಶೀಲನಾ ಕಾರ್ಯಪಡೆ ಈ ‘ಕಾಣುವ’ ಎಂಬ ಹೆಸರನ್ನೇ ಕೈಬಿಡಬೇಕು, ಕಪ್ಪು ಜನರನ್ನೂ ಲೈಂಗಿಕ ಅಲ್ಪಸಂಖ್ಯಾತರನ್ನೂ ಪ್ರತ್ಯೇಕ ಗುಂಪುಗಳಾಗಿ ಸೇರಿಸಬೇಕು ಎಂದು ಶಿಫಾರಸು ಮಾಡಿತು. ಎರಡನೆಯ ಗುಂಪಿನವರು ನೋಡಿದರೆ ಗೊತ್ತಾಗುವವರಲ್ಲ, ಆದ್ದರಿಂದ ಅಲ್ಲಿ ಎಲ್ಲವೂ ಸ್ವಂತ ಹೇಳಿಕೆಯ ಮೇಲೇ ನಿಲ್ಲಬೇಕು. ಆ ಫಾರ್ಮಿನಲ್ಲಿ ಜಾತಿಯ ಕಾಲಂ ಇಲ್ಲ. ಬಿಳಿಯ ಮ್ಯಾನೇಜರಿಗೆ ನೀವೆಲ್ಲ ಒಂದೇ. ಊಟದ ಹೊತ್ತಿನಲ್ಲಿ ‘ನಿಮ್ಮ ಸರ್‌ನೇಮ್ ಏನು’ ಎಂದು ಕೇಳುವವರು ನಮ್ಮವರೇ. ಜಾತಿ ಕಾರಣಕ್ಕೆ ತೊಂದರೆಯಾದರೆ, ಅದನ್ನೂ ತಾರತಮ್ಯವೆಂದು ಒಂಟಾರಿಯೊ ಮಾನವ ಹಕ್ಕುಗಳ ಆಯೋಗ 2023ರಲ್ಲಿ ಸ್ಪಷ್ಟಪಡಿಸಿದೆ. ಆದರೆ ನಿಮ್ಮದು ಫೆಡರಲ್ ವ್ಯಾಪ್ತಿಯ ಬ್ಯಾಂಕ್ ಆಗಿರುವುದರಿಂದ ದೂರು ಕೊಡಬೇಕಾದದ್ದು ಕೆನಡಾ ಮಾನವ ಹಕ್ಕುಗಳ ಆಯೋಗಕ್ಕೆ.

ಪ್ರಶ್ನೆ: ಲಿಂಗತ್ವ ಅಲ್ಪಸಂಖ್ಯಾತರ ಶೇ 1 ಮೀಸಲಾತಿಗೆ ಅರ್ಜಿ ಹಾಕಿದರೆ ನನ್ನ ಎಸ್‌ಟಿ ಮೀಸಲಾತಿ ಹೋಗುತ್ತದೆಯೇ? — ಹೆಸರು ಬೇಡ, ಬಳ್ಳಾರಿ

ಹೋಗುವುದಿಲ್ಲ. 2021ರಲ್ಲಿ ಕರ್ನಾಟಕ ತಿದ್ದಿದ ನೇಮಕಾತಿ ನಿಯಮದ ಪ್ರಕಾರ ಈ ಶೇ 1 ಅಡ್ಡಸಾಲಿನದು: ಸಾಮಾನ್ಯ, ಎಸ್‌ಸಿ, ಎಸ್‌ಟಿ, ಹಿಂದುಳಿದ ವರ್ಗ ಪ್ರತಿಯೊಂದರ ಒಳಗೂ ನೇರ ನೇಮಕಾತಿಯಲ್ಲಿ ಶೇ 1. ನೀವು ಎಸ್‌ಟಿ ಸಾಲಿನೊಳಗಿನ ಆ ಹುದ್ದೆಗೆ ಸ್ಪರ್ಧಿಸುತ್ತೀರಿ. ಅರ್ಜಿಯಲ್ಲಿ ಲಿಂಗದ ಕಾಲಂನಲ್ಲಿ ‘ಇತರೆ’ ಆರಿಸಿ, ಜಾತಿಯ ಕಾಲಂನಲ್ಲಿ ಎಸ್‌ಟಿಯನ್ನೂ ಆರಿಸಿ. ಒಂದನ್ನು ಬಿಟ್ಟರೆ ಆ ಸೌಲಭ್ಯ ಹೋದಂತೆ. ಅರ್ಹರು ಸಿಗದಿದ್ದರೆ ಹುದ್ದೆ ಅದೇ ಪ್ರವರ್ಗದ ಪುರುಷ ಅಥವಾ ಮಹಿಳೆಗೆ ಹೋಗುತ್ತದೆ. ಜಾತಿ ಪತ್ರದಲ್ಲಿ ಹಳೆಯ ಹೆಸರಿದ್ದು ಅರ್ಜಿಯಲ್ಲಿ ಹೊಸ ಹೆಸರಿದ್ದರೆ ದಾಖಲೆ ಪರಿಶೀಲನೆಯ ದಿನ ಪೇಚಾಟವಾಗುತ್ತದೆ. ಹೆಸರು ಬದಲಾವಣೆಯ ದಾಖಲೆಯನ್ನು ಕೊಟ್ಟು ಆರ್‌ಡಿ ಸಂಖ್ಯೆಯ ಪತ್ರವನ್ನು ಹೊಸ ಹೆಸರಿಗೆ ಮೊದಲೇ ಮಾಡಿಸಿಕೊಳ್ಳಿ.